ಮುಕ್ತ ತಂತ್ರಾಂಶ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಪತ್ತೆ, ಆಮೇಲೆ ವರದಿ

ಉಡುಪಿ, ಮಂಗಳೂರು ಕಡೆಯ ಡಿಟಿಪಿ ಕೇಂದ್ರ, ಶಾಲೆ, ಸಹಕಾರ ಸಂಘದ ಕಚೇರಿಗಳಲ್ಲಿ ಲಿಬ್ರೆ ಆಫೀಸ್ (ಕಚೇರಿ ಕೆಲಸಕ್ಕೆ), ಫೈರ್‌ಫಾಕ್ಸ್ (ಬ್ರೌಸರ್), ಸ್ಕ್ರೈಬಸ್ (ಪುಟವಿನ್ಯಾಸಕ್ಕೆ), ಉಬುಂಟು (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ) ಬಳಸುವವರು ಹೆಚ್ಚಾಗಿ ಹೇಳುವ ತೊಂದರೆಗಳನ್ನು ಇಲ್ಲಿ ಲಕ್ಷಣವಾರು ಬರೆದಿದ್ದೇನೆ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಮುಕ್ತ ತಂತ್ರಾಂಶದಲ್ಲಿ ನೆರವು ಕೇಳಲು ಎರಡು ಬಾಗಿಲುಗಳಿವೆ. ‘ಇದನ್ನು ಹೇಗೆ ಮಾಡುವುದು’ ಎಂಬುದು ನಿಮ್ಮ ಪ್ರಶ್ನೆಯಾದರೆ ಬಳಕೆದಾರರ ಪ್ರಶ್ನೋತ್ತರ ವಿಭಾಗಕ್ಕೆ ಹೋಗಿ. ‘ಮಾಡಬೇಕಾದ್ದನ್ನು ಇದು ಮಾಡುತ್ತಿಲ್ಲ’ ಎಂದು ತೋರಿಸಿಕೊಡಬಲ್ಲಿರಾದರೆ ದೋಷದ ವರದಿಗಳನ್ನು ದಾಖಲಿಸುವ ತಾಣವಾದ ಬಗ್ ಟ್ರ್ಯಾಕರ್‌ಗೆ ಹೋಗಿ. ಎರಡೂ ಕಡೆ ಉತ್ತರಿಸುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಅವರಲ್ಲಿ ಕನ್ನಡ ಓದಬಲ್ಲವರು ಇರುವುದು ಅಪರೂಪ. ಆದ್ದರಿಂದ ದೋಷ ಎಲ್ಲಿದೆ ಎಂದು ನಾವೇ ಒಂದಿಷ್ಟು ಜಾಲಾಡಿ, ಕನ್ನಡ ಬಾರದ ಡೆವಲಪರ್ ಕೂಡ ತನ್ನ ಯಂತ್ರದಲ್ಲಿ ಅದನ್ನೇ ಕಣ್ಣಾರೆ ಕಾಣುವಂತೆ ಒಪ್ಪಿಸಬೇಕು. ಕನ್ನಡದಲ್ಲಿ ಮಾತ್ರ ಕಾಣಿಸುವ ದೋಷವನ್ನು ಕನ್ನಡಿಗರು ಹೇಳದಿದ್ದರೆ ಅದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಈ ಕೈಪಿಡಿ ಬರೆಯಲು ಅದೇ ಕಾರಣ.

ಯಾವ ಪರೀಕ್ಷೆಗೂ ಮೊದಲು ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆ ನಡೆಯಲಿ.

ಲಕ್ಷಣ: ‘ಈ ಕಡತವನ್ನು ಬೇರೆಯವರು ಬಳಸುತ್ತಿದ್ದಾರೆ’ ಎನ್ನುತ್ತದೆ, ಬಳಸುವವನು ನಾನೊಬ್ಬನೇ

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಲಿಬ್ರೆ ಆಫೀಸ್‌ನಲ್ಲಿ ಇದು ಸಾಮಾನ್ಯ. ಕಡತ ತೆರೆದಾಗ ಅದೇ ಫೋಲ್ಡರ್‌ನಲ್ಲಿ ಒಂದು ಅಡಗಿದ ಬೀಗದ ಕಡತ ಸೃಷ್ಟಿಯಾಗುತ್ತದೆ, ಮುಚ್ಚಿದಾಗ ಅಳಿಯುತ್ತದೆ. ಯಂತ್ರ ಏಕಾಏಕಿ ಆರಿಹೋದರೆ ಅಳಿಸುವವರಿಲ್ಲದೆ ಅದು ಹಾಗೆಯೇ ಉಳಿಯುತ್ತದೆ. ಇದು ಬಗ್ ಅಲ್ಲ. ಕಚೇರಿಯ ಇನ್ನೊಂದು ಕಂಪ್ಯೂಟರ್‌ನಲ್ಲಿ ಆ ಕಡತ ತೆರೆದಿಲ್ಲ ಎಂದು ಖಚಿತ ಮಾಡಿಕೊಂಡು, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಹಾಕಿ, ಹೆಸರಿನ ಮೊದಲಲ್ಲಿ ‘ಲಾಕ್’ ಎಂದಿರುವ ಆ ಚಿಕ್ಕ ಕಡತವನ್ನು ಅಳಿಸಿ. ಹಂಚಿಕೆಯ ಫೋಲ್ಡರ್ ಆಗಿದ್ದರೆ ಅವಸರ ಬೇಡ. ಇಬ್ಬರು ಒಟ್ಟಿಗೆ ಬರೆದರೆ ಒಬ್ಬರ ಕೆಲಸ ಹೋಗುತ್ತದೆ.

ಕರೆಂಟ್ ಹೋದಾಗ ಬರೆದದ್ದು ಕಳೆದುಹೋಗದಿರಲು ಆಟೋ ರಿಕವರಿ ಮತ್ತು ಬ್ಯಾಕಪ್ ಪ್ರತಿಯ ಆಯ್ಕೆಗಳು ಚಾಲೂ ಇರಬೇಕು. ಲಿಬ್ರೆ ಆಫೀಸ್ 24.2ರಿಂದ ಈಚೆಗೆ ಇವು ತಾವಾಗಿಯೇ ಚಾಲೂ ಇರುತ್ತವೆ. ಅದಕ್ಕಿಂತ ಹಳೆಯದಾದರೆ ಆಯ್ಕೆಗಳ ಪುಟದಲ್ಲಿ ನೀವೇ ಗುರುತು ಹಾಕಬೇಕು.

ಲಕ್ಷಣ: ತೆರೆಯುತ್ತಿದ್ದ ಹಾಗೆಯೇ ಮುಚ್ಚಿಕೊಳ್ಳುತ್ತದೆ

ಮೊದಲು ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ. ಆಮೇಲೆ ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿ. ಡಿಸ್ಕ್ ತುಂಬಿದಾಗ ತಂತ್ರಾಂಶಗಳು ಕಾರಣ ಹೇಳದೆ ಕುಸಿಯುತ್ತವೆ, ನಾವು ತಂತ್ರಾಂಶವನ್ನು ದೂರುತ್ತೇವೆ.

ಜಾಗ ಇದ್ದರೆ ಸೇಫ್ ಮೋಡ್ ಪರೀಕ್ಷೆ, ಅಂದರೆ ನೀವು ಸೇರಿಸಿದ್ದು, ಬದಲಿಸಿದ್ದು ಯಾವುದೂ ಇಲ್ಲದೆ ತಂತ್ರಾಂಶವನ್ನು ತೆರೆದು ನೋಡುವುದು. ಲಿಬ್ರೆ ಆಫೀಸ್‌ನಲ್ಲಿ ಹೆಲ್ಪ್ ಮೆನುವಿನಡಿ ‘ರೀಸ್ಟಾರ್ಟ್ ಇನ್ ಸೇಫ್ ಮೋಡ್’ ಇದೆ. ಫೈರ್‌ಫಾಕ್ಸ್‌ನಲ್ಲಿ ಅದೇ ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟ್ ಮೋಡ್’. ಈ ಸ್ಥಿತಿಯಲ್ಲಿ ಎಲ್ಲವೂ ಸರಿಯಾಗಿ ನಡೆದರೆ ದೋಷ ಮೂಲ ತಂತ್ರಾಂಶದ್ದಲ್ಲ, ನೀವು ಸೇರಿಸಿದ ಎಕ್ಸ್‌ಟೆನ್ಶನ್‌ನದು ಅಥವಾ ಸೆಟ್ಟಿಂಗ್‌ಗಳದ್ದು. ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ವರದಿಯೂ ಆ ಎಕ್ಸ್‌ಟೆನ್ಶನ್ ಮಾಡಿದವರಿಗೇ ಹೋಗಬೇಕು. ‘ಫ್ಯಾಕ್ಟರಿ ರೀಸೆಟ್’ ಗುಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ನೀವು ಕೂಡಿಸಿದ ಕನ್ನಡ ಪದಗಳ ನಿಘಂಟೂ ಅದರೊಂದಿಗೆ ಹೋದೀತು.

ಸೇಫ್ ಮೋಡ್‌ನಲ್ಲೂ ಮುಚ್ಚಿಕೊಂಡರೆ ಉಬುಂಟುವಿನಲ್ಲಿ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಅಲ್ಲಿಂದ ತಂತ್ರಾಂಶವನ್ನು ಹೊರಡಿಸಿ. ಮುಚ್ಚಿಕೊಳ್ಳುವ ಹೊತ್ತಿಗೆ ಅಲ್ಲಿ ಮೂಡುವ ಕೊನೆಯ ಸಾಲುಗಳು ನಿಮಗೆ ಅರ್ಥವಾಗದಿದ್ದರೂ ಡೆವಲಪರ್‌ಗೆ ಅರ್ಥವಾಗುತ್ತವೆ. ಫೋಟೊ ತೆಗೆಯಬೇಡಿ, ಸಾಲುಗಳನ್ನು ನಕಲು ಮಾಡಿ ಪಠ್ಯವಾಗಿಯೇ ಉಳಿಸಿ. ಫೋಟೊದಲ್ಲಿರುವ ದೋಷಸಂದೇಶವನ್ನು ಯಾರೂ ಹುಡುಕಿ ತೆಗೆಯಲಾರರು.

ಲಕ್ಷಣ: ಕನ್ನಡ ಅಕ್ಷರ ಒಡೆದು ಕಾಣುತ್ತದೆ

ನಮ್ಮ ಕಡೆಯ ದೂರುಗಳಲ್ಲಿ ಅತಿ ಹೆಚ್ಚು ಇದೇ, ಅತಿ ಹೆಚ್ಚು ಗೊಂದಲವೂ ಇಲ್ಲೇ. ‘ಒಡೆದಿದೆ’ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಕಾಯಿಲೆಗಳಿವೆ. ಪರದೆಯನ್ನು ಹತ್ತಿರದಿಂದ ನೋಡಿದರೆ ಅವು ಬೇರೆಯಾಗುತ್ತವೆ.

ಅಕ್ಷರದ ಜಾಗದಲ್ಲಿ ಚೌಕಗಳು ಕಂಡರೆ ಆ ಲಿಪಿಯ ಫಾಂಟ್ ಇಲ್ಲವೆಂದು ಅರ್ಥ. ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿದರೆ ಮುಗಿಯಿತು, ಹಣ ಕೊಡಬೇಕಾಗಿಲ್ಲ. ತುಳು ಲಿಪಿಯಲ್ಲಿ ಬರೆದದ್ದು ಚೌಕವಾಗಿ ಕಂಡರೆ ಕಾರಣ ಬೇರೆ. ತುಳು-ತಿಗಳಾರಿ ಲಿಪಿ ಯುನಿಕೋಡ್‌ಗೆ (ಪ್ರತಿ ಲಿಪಿಯ ಅಕ್ಷರಗಳಿಗೂ ಸಂಕೇತ ಕೊಡುವ ಜಾಗತಿಕ ಮಾನದಂಡ) ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16.0ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ವ್ಯವಸ್ಥೆಗೆ ಆ ಅಕ್ಷರಗಳು ಇವೆಯೆಂದೇ ಗೊತ್ತಿರುವುದಿಲ್ಲ. ವರದಿ ಬರೆಯುವ ಮೊದಲು ವ್ಯವಸ್ಥೆ ಮತ್ತು ಫಾಂಟ್ ಎರಡೂ ಹೊಸವೇ ಎಂದು ನೋಡಿ.

ಇಂಗ್ಲಿಷ್ ದೊಡ್ಡಕ್ಷರ, ನೆತ್ತಿಯ ಮೇಲೆ ಗೆರೆ ಹೊತ್ತ ಅಕ್ಷರ, ಪೌಂಡ್ ಚಿಹ್ನೆ ಎಲ್ಲ ಕಲಸುಮೇಲೋಗರವಾಗಿ ಕಂಡರೆ ಅದು ಯುನಿಕೋಡ್ ಅಲ್ಲದ ಹಳೆಯ ಪಠ್ಯ. ‘ನ’ ಇರಬೇಕಾದಲ್ಲಿ ಪೌಂಡ್ ಚಿಹ್ನೆ ಕಂಡರೆ ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಎಂದು ತಿಳಿಯಿರಿ. ಪರಿವರ್ತಕದಿಂದ ಯುನಿಕೋಡ್‌ಗೆ ಬದಲಾಯಿಸಿ, ಒಮ್ಮೆ ಕರಡು ತಿದ್ದಿ. ಯಾವ ತಂತ್ರಾಂಶದ ಮೇಲೂ ಬಗ್ ಹಾಕುವ ವಿಷಯ ಇದಲ್ಲ.

ಚುಕ್ಕೆಗಳ ವೃತ್ತವೊಂದು ನಡುವೆ ಮೂಡಿದರೆ ಸ್ವರಚಿಹ್ನೆಯೊಂದು ವ್ಯಂಜನವಿಲ್ಲದೆ ಒಂಟಿಯಾಗಿ ನಿಂತಿದೆ. ಟೈಪ್ ಮಾಡುವಾಗ ನಡುವೆ ಸ್ಪೇಸ್ ಬಿದ್ದಿರಬಹುದು, ಚಿಹ್ನೆ ಎರಡು ಸಲ ಬಿದ್ದಿರಬಹುದು. ಆ ಪದ ಅಳಿಸಿ ಮತ್ತೆ ಬರೆಯಿರಿ.

ಒತ್ತಕ್ಷರ ಕೆಳಗೆ ಕೂರದೆ ಅರ್ಧಾಕ್ಷರವಾಗಿ ಸಾಲಿನಲ್ಲೇ ನಿಂತರೆ ಅಕ್ಷರ ಜೋಡಿಸುವ ಎಂಜಿನ್ ಕೆಲಸ ಮಾಡುತ್ತಿಲ್ಲ. ಡಿಟಿಪಿಯವರು ಇಲ್ಲಿ ಮೊದಲು ಸ್ಕ್ರೈಬಸ್‌ನ ಆವೃತ್ತಿ ನೋಡಬೇಕು. 1.4ರ ಸರಣಿಗೆ ಭಾರತೀಯ ಲಿಪಿಗಳನ್ನು ಜೋಡಿಸುವ ಶಕ್ತಿಯೇ ಇರಲಿಲ್ಲ. ಆ ಶಕ್ತಿ ಇರುವ ಸ್ಥಿರ ಆವೃತ್ತಿ 1.6 ಬಂದದ್ದು 2024ರ ಜನವರಿಯಲ್ಲಿ. ಹಳೆಯದನ್ನು ಇಟ್ಟುಕೊಂಡು ಯಕ್ಷಗಾನದ ಕರಪತ್ರ ಮಾಡಲು ಹೊರಟರೆ ಪ್ರಸಂಗದ ಹೆಸರೇ ಕೆಡುತ್ತದೆ.

ಇನ್ನು ನಿಜವಾದ ದೋಷ ಹುಡುಕುವ ಬಗೆ. ಇದಕ್ಕೆ ನಾನು ಹೇಳುವ ಪರೀಕ್ಷೆ ಒಂದೇ: ಅದೇ ಪದ, ಬೇರೆ ಫಾಂಟ್; ಆಮೇಲೆ ಅದೇ ಫಾಂಟ್, ಬೇರೆ ತಂತ್ರಾಂಶ. ಉದಾಹರಣೆಗೆ ‘ರ‍್ಯಾಂಕ್’ ಎಂಬ ಪದ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಬೇಕು, ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು. ಎರಡರಲ್ಲೂ ಇರುವ ಅಕ್ಷರಗಳು ಅವೇ. ಎರಡನೆಯದರಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕವೊಂದು ಹೆಚ್ಚಾಗಿ ಇರುತ್ತದೆ. ಶಾಲೆಯ ಫಲಿತಾಂಶ ಪಟ್ಟಿಯಲ್ಲಿ ಅದು ‘ರ್ಯಾಂಕ್’ ಎಂದು ಅರ್ಕಾವತ್ತಿನೊಂದಿಗೆ ಬಂದರೆ ಹೀಗೆ ಹೋಗಿ:

ಲಿಬ್ರೆ ಆಫೀಸ್‌ನಲ್ಲಿ ರಕಾರದ ಜಾಗವನ್ನು ಆಯ್ದು ಆಲ್ಟ್ ಮತ್ತು ಎಕ್ಸ್ ಕೀಲಿ ಒಟ್ಟಿಗೆ ಒತ್ತಿ. ಅಕ್ಷರಗಳ ಯುನಿಕೋಡ್ ಸಂಕೇತಗಳು ಕಾಣುತ್ತವೆ. ಜೋಡಕದ ಸಂಕೇತ ಅಲ್ಲಿ ಇಲ್ಲದಿದ್ದರೆ ತಪ್ಪು ಕೀಲಿಮಣೆ ವಿನ್ಯಾಸದ್ದು ಅಥವಾ ಟೈಪ್ ಮಾಡಿದವರದ್ದು. ಇದ್ದೂ ತಪ್ಪಾಗಿ ಕಂಡರೆ ಫಾಂಟ್ ಬದಲಿಸಿ. ನೋಟೊದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂದಾದರೆ ದೋಷ ಆ ಫಾಂಟಿನದು, ವರದಿ ಫಾಂಟ್ ಮಾಡಿದವರಿಗೆ. ಎಲ್ಲ ಫಾಂಟ್‌ಗಳಲ್ಲೂ ತಪ್ಪಾದರೆ ಅದೇ ಪದವನ್ನು ಫೈರ್‌ಫಾಕ್ಸ್‌ನಲ್ಲಿ ನೋಡಿ. ಫೈರ್‌ಫಾಕ್ಸ್ ಮತ್ತು ಲಿಬ್ರೆ ಆಫೀಸ್ ಎರಡೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ಬಳಸುತ್ತವೆ. ಅಲ್ಲಿ ಸರಿ, ಇಲ್ಲಿ ತಪ್ಪು ಎಂದರೆ ಲಿಬ್ರೆ ಆಫೀಸ್‌ನ ಟ್ರ್ಯಾಕರ್‌ಗೆ ಹೋಗಬೇಕು. ಎರಡರಲ್ಲೂ, ಹಲವು ಫಾಂಟ್‌ಗಳಲ್ಲೂ ತಪ್ಪಾದರೆ ಮಾತ್ರ ಹಾರ್ಫ್‌ಬಜ್‌ನವರನ್ನು ಕೇಳಿ. ಐದು ನಿಮಿಷದ ಈ ಕೆಲಸ ಮಾಡದೆ ಹಾಕಿದ ವರದಿ ಈ ಮೂರು ಯೋಜನೆಗಳ ನಡುವೆ ‘ನಮ್ಮದಲ್ಲ’ ಎಂದು ತಿಂಗಳುಗಟ್ಟಲೆ ಅಲೆಯುತ್ತದೆ.

ಪಿಡಿಎಫ್‌ನಲ್ಲಿ ನೋಡಲು ಸರಿ ಇದ್ದು, ನಕಲು ಮಾಡಿ ಅಂಟಿಸಿದಾಗ ಮಾತ್ರ ಅಕ್ಷರ ಅಸ್ತವ್ಯಸ್ತವಾದರೆ ಅಚ್ಚಿಗೆ ತೊಂದರೆಯಿಲ್ಲ. ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳುವುದು ಅಕ್ಷರಗಳ ಆಕಾರವನ್ನು. ಮೂಲ ಕಡತವನ್ನು ಜೋಪಾನ ಮಾಡಿ.

ಲಕ್ಷಣ: ತುಳು, ಕೊಂಕಣಿ ಬರೆದರೆ ಪ್ರತಿ ಪದಕ್ಕೂ ಕೆಂಪು ಗೆರೆ

ಕನ್ನಡ ಲಿಪಿಯಲ್ಲಿ ತುಳು ಬರೆದಾಗ ತಂತ್ರಾಂಶ ಅದನ್ನು ಕನ್ನಡವೆಂದೇ ತಿಳಿದು ಕನ್ನಡ ನಿಘಂಟಿನಲ್ಲಿ ಹುಡುಕುತ್ತದೆ. ಆ ಭಾಗವನ್ನು ಆಯ್ದು ಕಾಗುಣಿತ ತಪಾಸಣೆ ಬೇಡವೆಂದು ಗುರುತಿಸಿದರೆ ಗೆರೆ ಹೋಗುತ್ತದೆ. ತುಳುವಿನದೇ ನಿಘಂಟು ಬೇಕು ಎನ್ನುವುದು ದೋಷದ ದೂರಲ್ಲ, ಹೊಸ ಸೌಲಭ್ಯದ ಕೋರಿಕೆ. ಟ್ರ್ಯಾಕರ್‌ನಲ್ಲಿ ಅದಕ್ಕೆ ‘ಎನ್‌ಹ್ಯಾನ್ಸ್‌ಮೆಂಟ್’ ಎಂಬ ಬೇರೆ ವರ್ಗವಿದೆ. ತುಳುವಿಗೆ ‘ಟಿಸಿವೈ’ ಎಂಬ ಅಂತರರಾಷ್ಟ್ರೀಯ ಭಾಷಾಸಂಕೇತವಿದೆ, ತುಳು ವಿಕಿಪೀಡಿಯ 2016ರಿಂದ ನಡೆಯುತ್ತಿದೆ. ಕೋರಿಕೆಯಲ್ಲಿ ಈ ಎರಡನ್ನೂ ಬರೆಯಿರಿ. ಭಾಷೆಯ ಹೆಸರನ್ನೇ ಕೇಳಿರದ ಡೆವಲಪರ್‌ಗೆ ಇವೇ ಆಧಾರ.

ಲಕ್ಷಣ: ಒಮ್ಮೊಮ್ಮೆ ಕೆಡುತ್ತದೆ, ತೋರಿಸಲು ಹೋದರೆ ಸರಿಯಾಗಿರುತ್ತದೆ

ಇಂಥದ್ದಕ್ಕೆ ಮೊದಲು ಯಂತ್ರವನ್ನು ಅನುಮಾನಿಸಿ. ಒಂದೇ ತಂತ್ರಾಂಶ ಒಂದೇ ಕೆಲಸದ ಹೊತ್ತಿಗೆ ಬಿದ್ದರೆ ತಂತ್ರಾಂಶದ ದೋಷವಿರಬಹುದು. ಇವತ್ತು ಬ್ರೌಸರ್, ನಾಳೆ ಲಿಬ್ರೆ ಆಫೀಸ್‌ನ ರೈಟರ್, ನಾಡಿದ್ದು ಇಡೀ ಯಂತ್ರ ನಿಂತರೆ ದೋಷ ಬಹುತೇಕ ಹಾರ್ಡ್‌ವೇರ್‌ನದು. ಕರಾವಳಿಯ ಉಪ್ಪುಗಾಳಿ, ತೇವಕ್ಕೆ ಮೆಮೊರಿಯ ಸಂಪರ್ಕಗಳು ಮಾಸುತ್ತವೆ. ದೂಳು ಕಟ್ಟಿದ ಫ್ಯಾನ್‌ನಿಂದ ಬಿಸಿಯೂ ಏರುತ್ತದೆ. ಯಾವ ಹೊತ್ತಿಗೆ, ಯಾವ ಕೆಲಸ ಮಾಡುವಾಗ, ಮಳೆಯೋ ಸೆಕೆಯೋ ಎಂದು ಒಂದು ವಾರ ಕಾಗದದಲ್ಲಿ ಗುರುತಿಸಿ. ಮೆಮ್‌ಟೆಸ್ಟ್ ಎಂಬ ಮುಕ್ತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಹೊರಡಿಸಿ ಒಂದು ರಾತ್ರಿ ಓಡಲು ಬಿಡಿ. ಅದರಲ್ಲಿ ಒಂದು ತಪ್ಪು ಕಂಡರೂ ಬಗ್ ವರದಿ ಬೇಡ, ಮೆಮೊರಿ ಬದಲಾಗಬೇಕು.

ಎಚ್ಚರಿಕೆ: ಪ್ಲಗ್ ಕಳಚದೆ, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಸಂಪರ್ಕ ತಪ್ಪಿಸದೆ ಮುಚ್ಚಳ ತೆಗೆಯಬೇಡಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಚಾರ್ಜ್ ಮಾಡಬೇಡಿ, ಒತ್ತಬೇಡಿ, ರಿಪೇರಿಯವರಿಗೆ ಕೊಡಿ. ಸಿಡಿಲಿನ ದಿನಗಳಲ್ಲಿ ಇಡೀ ರಾತ್ರಿಯ ಪರೀಕ್ಷೆಗೆ ಯಂತ್ರವನ್ನು ಹಾಗೆಯೇ ಬಿಟ್ಟು ಹೋಗುವುದು ಸರಿಯಲ್ಲ. ಡಿಸ್ಕ್‌ನಿಂದ ಕಟಕಟ ಸದ್ದು ಬಂದರೂ, ಅಳಿಸಿಹೋದ ಕಡತ ಮರಳಿ ಬೇಕಾಗಿದ್ದರೂ ತಕ್ಷಣ ಯಂತ್ರ ಆರಿಸಿ. ನಂತರ ಬರೆಯುವ ಪ್ರತಿಯೊಂದೂ ಹಳೆಯದರ ಮೇಲೆ ಕೂರಬಹುದು. ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲವರಿಗೇ ಬಿಡಿ.

ಲಕ್ಷಣ: ಅಪ್‌ಡೇಟ್ ಆದ ಮೇಲೆ ಕೆಟ್ಟಿತು

ಇದು ಡೆವಲಪರ್‌ಗಳು ಬೇಗ ಕೈಗೆತ್ತಿಕೊಳ್ಳುವ ಬಗೆಯ ದೂರು, ಏಕೆಂದರೆ ಸರಿಯಿದ್ದ ಆವೃತ್ತಿ ಒಂದು ಇದೆ. ಯಾವುದರವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು ಎಂದು ಎರಡೂ ಸಂಖ್ಯೆ ಕೊಟ್ಟರೆ ಅವುಗಳ ನಡುವಿನ ಬದಲಾವಣೆಗಳನ್ನು ಅರ್ಧ ಅರ್ಧ ಮಾಡುತ್ತ ತಪ್ಪಿನ ಮೂಲಕ್ಕೆ ತಲುಪುವ ವಿಧಾನ ಅವರಲ್ಲಿದೆ. ಲಿಬ್ರೆ ಆಫೀಸ್‌ನ ಹಳೆಯ ಆವೃತ್ತಿಗಳೆಲ್ಲ ಸಂಗ್ರಹದಲ್ಲಿ ಸಿಗುತ್ತವೆ. ಲಿನಕ್ಸ್‌ನಲ್ಲಿ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ಓಡಿಸಬಹುದಾದ ಒಂದೇ ಕಡತ) ರೂಪದಲ್ಲಿ ತಂದರೆ ಇರುವುದನ್ನು ಮುಟ್ಟದೆಯೇ ಪರೀಕ್ಷಿಸಬಹುದು.

ಉಬುಂಟು ಕೊಟ್ಟ ಪ್ಯಾಕೇಜ್‌ನಲ್ಲಿ ಮಾತ್ರ ಕೆಟ್ಟಿದೆಯೇ, ಮೂಲ ಯೋಜನೆಯವರ ಪ್ರತಿಯಲ್ಲೂ ಕೆಟ್ಟಿದೆಯೇ ಎಂಬುದನ್ನೂ ನೋಡಬೇಕು. ಮೊದಲನೆಯದಾದರೆ ವರದಿ ಉಬುಂಟುವಿನ ಬಗ್ ಟ್ರ್ಯಾಕರ್ ಆದ ಲಾಂಚ್‌ಪ್ಯಾಡ್‌ಗೆ, ಎರಡನೆಯದಾದರೆ ಮೂಲ ಯೋಜನೆಗೆ.

ಲಕ್ಷಣ: ನೆರವಿಗೆಂದು ಹುಡುಕಿದರೆ ಕಸ್ಟಮರ್ ಕೇರ್ ಸಂಖ್ಯೆ ಸಿಕ್ಕಿತು

ಕರೆ ಮಾಡಬೇಡಿ. ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್ ಬಳಕೆದಾರರಿಗೆ ದೂರವಾಣಿ ಸೇವೆ ಕೊಡುವುದೇ ಇಲ್ಲ. ನಿಮ್ಮ ಪರದೆಯನ್ನು ದೂರದಿಂದ ನೋಡುವ ತಂತ್ರಾಂಶ ಹಾಕಿಸಿ, ‘ಹತ್ತು ರೂಪಾಯಿ ಕಟ್ಟಿ’ ಎನ್ನುವವರು ನಿಮ್ಮ ಬ್ಯಾಂಕ್ ಖಾತೆಗಾಗಿಯೇ ಕಾದಿರುತ್ತಾರೆ. ಹಣ ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಅಪರಿಚಿತರು ಟರ್ಮಿನಲ್‌ನಲ್ಲಿ ಹಾಕಲು ಹೇಳಿದ ಆದೇಶವನ್ನೂ ಅರ್ಥ ತಿಳಿಯದೆ ಹಾಕಬೇಡಿ.

ಸಂಘದ ಲೆಕ್ಕಪತ್ರ ನಾಳೆಗೇ ಬೇಕು, ಸ್ವಯಂಸೇವಕರಿಗಾಗಿ ಕಾಯಲಾಗದು ಎಂಬ ಸಂದರ್ಭವೂ ಇರುತ್ತದೆ. ಆಗ ಹಣ ಕೊಟ್ಟು ವೃತ್ತಿಪರ ಸೇವೆ ಪಡೆಯುವುದೇ ಸರಿ. ಲಿಬ್ರೆ ಆಫೀಸ್ ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್ ತಾನು ಪ್ರಮಾಣೀಕರಿಸಿದವರ ಪಟ್ಟಿಯನ್ನು ಪ್ರಕಟಿಸುತ್ತದೆ.

ಲಕ್ಷಣ: ಭದ್ರತೆಗೇ ಕುಂದು ಎನಿಸುವಂಥದ್ದು ಕಂಡಿತು

ಪಾಸ್‌ವರ್ಡ್ ಇಲ್ಲದೆ ಒಳಹೋಗಲು ಬಂತು, ಬೇರೆಯವರ ಕಡತ ಕಂಡಿತು ಎಂದಾದರೆ ಸಾರ್ವಜನಿಕ ಟ್ರ್ಯಾಕರ್‌ನಲ್ಲಿ ಬರೆಯಲೇಬಾರದು. ದೊಡ್ಡ ಯೋಜನೆಗಳಿಗೆಲ್ಲ ಭದ್ರತಾ ತಂಡದ ಖಾಸಗಿ ವಿಳಾಸವಿರುತ್ತದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಸರ್ವರ್‌ಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಬೆನ್ನುಹತ್ತಿ ಹೋದಾಗ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಅಡಗಿಸಿದ್ದ ಹಿಂಬಾಗಿಲು ಸಿಕ್ಕಿತು. ಅವರು ಮೊದಲು ತಿಳಿಸಿದ್ದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಭದ್ರತಾ ತಂಡಕ್ಕೆ, ಖಾಸಗಿಯಾಗಿ. ಅರ್ಧ ಸೆಕೆಂಡಿನ ಲಕ್ಷಣವನ್ನೂ ಅವರು ಕಡೆಗಣಿಸದ ಕಾರಣ ಅದು ಹೆಚ್ಚಿನ ಯಂತ್ರಗಳಿಗೆ ಹರಡುವ ಮೊದಲೇ ತಡೆಯಲಾಯಿತು.

ಲಕ್ಷಣ: ವರದಿ ಹಾಕಿದರೆ ‘ನನ್ನಲ್ಲಿ ಸರಿಯಿದೆ’ ಎಂಬ ಉತ್ತರ, ಇಲ್ಲವೇ ಉತ್ತರವೇ ಇಲ್ಲ

‘ನನ್ನಲ್ಲಿ ಸರಿಯಿದೆ’ ಎಂದರೆ ನಿಮ್ಮನ್ನು ನಂಬಿಲ್ಲವೆಂದಲ್ಲ, ಅವರ ಯಂತ್ರದಲ್ಲಿ ದೋಷ ಮೂಡಲಿಲ್ಲ ಎಂದಷ್ಟೇ. ಸಾಮಾನ್ಯವಾಗಿ ಬರುವ ವರದಿ ‘ಕನ್ನಡ ಸರಿಯಾಗಿ ಬರುವುದಿಲ್ಲ, ದಯವಿಟ್ಟು ಸರಿಪಡಿಸಿ’ ಎಂದಿರುತ್ತದೆ. ಇದನ್ನು ಓದಿದವರು ಏನು ಮಾಡಬೇಕು? ಕೆಲಸಕ್ಕೆ ಬರುವ ವರದಿ ಹೀಗಿರುತ್ತದೆ:

‘ಲಿಬ್ರೆ ಆಫೀಸ್ 24.2, ಉಬುಂಟು 24.04. ಲಗತ್ತಿಸಿದ ಕಡತ ತೆರೆಯಿರಿ. ಅದರಲ್ಲಿ ಒಂದೇ ಪದವಿದೆ, ಫಾಂಟ್ ನೋಟೊ ಸಾನ್ಸ್ ಕನ್ನಡ. ಆ ಪದವನ್ನು ಆಯ್ದು ದಪ್ಪಕ್ಷರ ಮಾಡಿ. ಮೊದಲ ಚಿತ್ರದಂತೆ ಯಕಾರ ಕೆಳಗೆ ಒತ್ತಾಗಿ ಉಳಿಯಬೇಕು. ಎರಡನೆಯ ಚಿತ್ರದಂತೆ ಅರ್ಕಾವತ್ತಾಗಿ ಬದಲಾಗುತ್ತದೆ. ಸೇಫ್ ಮೋಡ್‌ನಲ್ಲೂ ಹಾಗೆಯೇ. 7.6ರಲ್ಲಿ ಸರಿಯಿತ್ತು. ಪದದ ಯುನಿಕೋಡ್ ಸಂಕೇತಗಳು ಇವು.’

ಇದನ್ನು ಸರಳ ಇಂಗ್ಲಿಷ್‌ನಲ್ಲಿ ಬರೆದರೆ ಸಾಕು, ವ್ಯಾಕರಣ ತಪ್ಪಿದರೆ ಯಾರೂ ಬೇಸರಿಸುವುದಿಲ್ಲ. ಆವೃತ್ತಿಯ ವಿವರ ಹೆಲ್ಪ್ ಮೆನುವಿನ ‘ಅಬೌಟ್’ನಲ್ಲಿ ಸಿಗುತ್ತದೆ. ನಲವತ್ತು ಪುಟದ ಸ್ಮರಣ ಸಂಚಿಕೆಯನ್ನು ಲಗತ್ತಿಸಬೇಡಿ. ದೋಷ ಉಳಿಯುವಷ್ಟು ಮಾತ್ರ ಇಟ್ಟು ಮಿಕ್ಕಿದ್ದನ್ನು ಅಳಿಸುತ್ತ ಬನ್ನಿ. ಹೀಗೆ ಅಳಿಸುವಾಗಲೇ ಎಷ್ಟೋ ಸಲ ಕಾರಣ ಹೊರಬೀಳುತ್ತದೆ. ಒಂದು ವರದಿಗೆ ಒಂದೇ ದೋಷ. ಲಗತ್ತುಗಳು ಎಲ್ಲರಿಗೂ ಕಾಣುತ್ತವೆ ಎಂಬುದು ನೆನಪಿರಲಿ: ಸದಸ್ಯರ ಹೆಸರು, ಆಧಾರ್, ಖಾತೆ ಸಂಖ್ಯೆಗಳನ್ನು ತೆಗೆದು ಸುಳ್ಳು ವಿವರ ತುಂಬಿ. ತಂತ್ರಾಂಶ ತನ್ನ ನಡೆಯನ್ನು ಬರೆದಿಡುವ ಲಾಗ್ ಕಡತದಲ್ಲೂ ನಿಮ್ಮ ಹೆಸರು, ಫೋಲ್ಡರ್‌ಗಳ ಹೆಸರು ಇರುತ್ತವೆ, ಓದಿ ನೋಡಿಯೇ ಹಾಕಿ.

‘ಡೂಪ್ಲಿಕೇಟ್’ ಎಂದು ಮುಚ್ಚಿದರೆ ಕೊಟ್ಟಿರುವ ಹಳೆಯ ವರದಿಗೆ ಹೋಗಿ, ನಿಮ್ಮ ಮಾದರಿ ಕಡತವನ್ನು ಅಲ್ಲಿ ಸೇರಿಸಿ. ‘ನೀಡ್‌ಇನ್ಫೊ’ ಎಂದಿದ್ದರೆ ಚೆಂಡು ನಿಮ್ಮ ಅಂಗಳದಲ್ಲಿದೆ. ನೀವು ಉತ್ತರಿಸುವವರೆಗೆ ಯಾರೂ ಮುಂದುವರಿಯುವುದಿಲ್ಲ, ಮಿಂಚಂಚೆ ನೋಡುತ್ತಿರಿ. ಏನೂ ಉತ್ತರ ಇಲ್ಲದಿದ್ದರೆ ಹೊಸ ಆವೃತ್ತಿ ಬಂದಾಗ ಮತ್ತೆ ಪರೀಕ್ಷಿಸಿ ‘ಇದರಲ್ಲೂ ಇದೆ’ ಎಂದು ಒಂದು ಸಾಲು ಸೇರಿಸಿ. ‘ನನಗೂ ಇದೆ’ ಎಂದು ಹತ್ತು ಜನರಿಂದ ಬರೆಸುವುದರಿಂದ ಉಪಯೋಗವಿಲ್ಲ. ಇನ್ನೊಂದು ಯಂತ್ರ, ಇನ್ನೊಂದು ಆವೃತ್ತಿಯ ವಿವರ ಕೊಡುವ ಒಬ್ಬರಿದ್ದರೆ ಉಪಯೋಗವಿದೆ.

ಲಕ್ಷಣ: ‘ಸರಿಪಡಿಸಿದ್ದೇವೆ’ ಎಂದರು, ನನ್ನಲ್ಲಿ ಹಾಗೆಯೇ ಇದೆ

ಸರಿಯಾದದ್ದು ತಂತ್ರಾಂಶದ ಮೂಲ ಸಂಕೇತದಲ್ಲಿ (ಸೋರ್ಸ್ ಕೋಡ್). ನಿಮ್ಮ ಯಂತ್ರಕ್ಕೆ ಅದು ಮುಂದಿನ ಆವೃತ್ತಿಯೊಂದಿಗೆ ಬರುತ್ತದೆ. ಯಾವ ಆವೃತ್ತಿ ಎಂದು ವರದಿಯಲ್ಲೇ ಬರೆದಿರುತ್ತಾರೆ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಬಳಸುವವರಿಗೆ ಇನ್ನೂ ತಡವಾಗಬಹುದು. ಕಾಯದೆ ನೋಡಬೇಕೆಂದರೆ ಲಿಬ್ರೆ ಆಫೀಸ್‌ನ ಪರೀಕ್ಷಾ ಪ್ರತಿಗಳು ದಿನಂಪ್ರತಿ ಸಿದ್ಧವಾಗುತ್ತವೆ. ಅದನ್ನು ಬೇರೆ ಫೋಲ್ಡರ್‌ನಲ್ಲಿ ಇಳಿಸಿ, ಮಾದರಿ ಕಡತವನ್ನು ಮಾತ್ರ ತೆರೆಯಿರಿ. ಕಚೇರಿಯ ಅಸಲಿ ಕಡತವನ್ನು ಅದರಲ್ಲಿ ತೆರೆದು ಉಳಿಸಬೇಡಿ. ಅಕ್ಷರ ಸರಿಯಾಗಿ ಕೂತಿದ್ದರೆ ‘ಪರೀಕ್ಷಿಸಿದೆ, ಸರಿಯಾಗಿದೆ’ ಎಂದು ಪ್ರತಿಯ ದಿನಾಂಕ ಸಹಿತ ಬರೆಯಿರಿ. ಕನ್ನಡ ಓದಲು ಬಾರದೆಯೇ ಅದನ್ನು ಸರಿಪಡಿಸಿದವರಿಗೆ ತಮ್ಮ ಕೆಲಸ ಸರಿಯಾಗಿದೆಯೆಂದು ಹೇಳಬಲ್ಲವರು ನೀವೇ.